ಐದನೆಯ ಏಕೆ

ಬೆಳಿಗ್ಗೆ ಎಂಟಕ್ಕೆ ಇನ್ನೂ ಹತ್ತು ನಿಮಿಷವಿರುವಾಗ, ತಗಡಿನ ಬೀರು ಮಾಡುವ ಕಾರ್ಖಾನೆಯ ಯಜಮಾನರು ತಮ್ಮದೇ ಕಾರ್ಖಾನೆಯಲ್ಲಿ ಕಳ್ಳತನ ಮಾಡಿದರು. ಕೆಳಗಿನ ಜೋಡಣೆ ಮೇಜಿನ ಪಕ್ಕದಲ್ಲಿದ್ದ ಹ್ಯಾಂಡಲ್ ಪೆಟ್ಟಿಗೆಯನ್ನು ಎತ್ತಿ, ಕೋಟಿನಡಿ ಬಚ್ಚಿಟ್ಟುಕೊಂಡು, ಮೆಟ್ಟಿಲು ಹತ್ತಿ ತಮ್ಮ ಕೋಣೆಗೆ ಬಂದರು. ಪೆಟ್ಟಿಗೆ ಮೇಜಿನಡಿ ಸೇರಿತು. ಅರವತ್ತೆರಡರ ಎದೆ ಏದುಸಿರು ಬಿಡುತ್ತಿದ್ದರೂ ಮುಖದಲ್ಲಿ ಗೆದ್ದ ಕಳೆಯಿತ್ತು.

ಇಷ್ಟಕ್ಕೆಲ್ಲ ಕಾರಣ ಸೊಸೆ. ಆರು ತಿಂಗಳ ಸಾಮಾನು ಗೋದಾಮಿನಲ್ಲಿ ಕೊಳೆಯುವುದು ಬೇಡ, ದಿನಕ್ಕೆ ಬೇಕಾದಷ್ಟೇ ದಿನಾ ಬೆಳಿಗ್ಗೆ ಬರಲಿ; ತೊಂದರೆ ಕಂಡವರೇ ಗಂಟೆ ಬಾರಿಸಿ ಕೆಲಸ ನಿಲ್ಲಿಸಲಿ, ಅವರೇ ಸರಿಮಾಡಲಿ ಎಂಬುದು ಅವಳ ಹಟ. ಬೇಡವೆನ್ನಲು ಯಜಮಾನರಿಗೆ ನೆಟ್ಟಗಿನ ಕಾರಣ ಸಿಗಲಿಲ್ಲ.

"ನಮ್ಮ ಜನಕ್ಕೆ ಇದೆಲ್ಲ ಒಗ್ಗಲ್ಲಮ್ಮ."

"ಒಗ್ಗಿಸ್ಕೋತಾರೆ ಮಾವ."

"ಹಾಗಾದ್ರೆ ಒಂದು ಮೇಜಲ್ಲಿ, ಒಂದು ವಾರ ಮಾಡಿ ತೋರ್ಸು. ಒಂದೇ ಒಂದು ಸಲ ಯಾರಾದ್ರೂ ತೊಂದ್ರೆ ಅಂತ ನನ್ನ ಕೋಣೆಗೆ ಓಡಿ ಬಂದ್ರೋ, ಅಲ್ಲಿಗೆ ಬಂದ್. ಬರ್ಲಿಲ್ವೋ, ಇಡೀ ಕಾರ್ಖಾನೆ ನೀನು ಹೇಳಿದ ಹಾಗೇ ನಡೀಲಿ."

ಮಧ್ಯಾಹ್ನದೊಳಗೆ ಬಾಗಿಲಲ್ಲಿ ಸಾಲುಗಟ್ಟುತ್ತಾರೆ ಎಂದು ಅವರಿಗೆ ನೂರಕ್ಕೆ ನೂರು ಖಾತ್ರಿಯಿತ್ತು. ಇರದೆ ಏನು? ತಗಡು ಸೊಟ್ಟಗಾಗಲಿ, ಬಣ್ಣ ಗಟ್ಟಿಯಾಗಲಿ, ಬೀಗ ಕೂರದಿರಲಿ, ಮೂವತ್ತು ವರ್ಷದಿಂದ ಜನ ಮೆಟ್ಟಿಲು ಹತ್ತಿದವರೇ. ಇವರು ಇಳಿದು ಬಂದು, ಒಂದು ಕಣ್ಣು ಮುಚ್ಚಿ ನೋಡಿ, ಎರಡು ಮಾತು ಹೇಳಿದರೆ ಮುಗಿಯಿತು, ಕೆಲಸ ಮತ್ತೆ ಶುರು. ಮಗಳ ಮದುವೆಯ ಊಟವನ್ನು ಅರ್ಧಕ್ಕೆ ಬಿಟ್ಟು ಬಂದು ಮೋಟಾರು ರಿಪೇರಿ ಮಾಡಿದ ಮನುಷ್ಯ ಇವರು. ಹೆಂಡತಿ ವಾರವಿಡೀ ಮಾತು ಬಿಟ್ಟಿದ್ದಳು, ಇವರು ಮಾತ್ರ ಒಳಗೊಳಗೇ ಬೀಗಿದ್ದರು. ಈಗ ನೋಡಿದರೆ ವಾರ ಮುಗಿಯಲು ಒಂದೇ ದಿನ ಬಾಕಿ, ಒಂದು ನರಪಿಳ್ಳೆಯೂ ಇತ್ತ ಸುಳಿದಿಲ್ಲ. ಬಾಗಿಲೇನಾದರೂ ಅಂಟಿಕೊಂಡಿದೆಯೇ ಎಂದು ನಿನ್ನೆ ತಾವೇ ಎದ್ದು ಎಳೆದು ನೋಡಿದ್ದರು.

ಎಂಟೂಕಾಲಿಗೆ ಕೆಳಗೆ ಗಂಟೆ ಹೊಡೆಯಿತು. ಕೆಲಸದ ಸದ್ದು ನಿಂತಿತು. ಯಜಮಾನರು ಕನ್ನಡಕ ಒರೆಸಿ ಹಾಕಿಕೊಂಡು, ಯಾವುದೋ ಹಳೆಯ ಕಾಗದ ಮುಂದಿಟ್ಟುಕೊಂಡು, ತಲೆ ಎತ್ತಲೂ ಪುರಸೊತ್ತಿಲ್ಲದವರಂತೆ ಕೂತರು. ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಬನ್ನಿ ಮಕ್ಕಳಾ, ಬನ್ನಿ ಎಂದುಕೊಂಡರು. ಚಹಾದವಳು ಬಂದು ಲೋಟ ಇಟ್ಟು ಹೋದಳು. ಅಷ್ಟರಲ್ಲಿ ಹೊರಗೆ ಸ್ಕೂಟರೊಂದು ಬಂದು ನಿಂತಿತು. ಸ್ವಲ್ಪ ಹೊತ್ತಿಗೆ ಕೆಳಗೆ ಸುತ್ತಿಗೆ, ಡ್ರಿಲ್ಲು ಎಲ್ಲ ಒಟ್ಟಿಗೇ ಶುರುವಾದವು. ತಡೆಯಲಾಗದೆ ಯಜಮಾನರೇ ಇಳಿದು ಹೋದರು.

"ಏನಾಗಿತ್ತು?"

"ಹ್ಯಾಂಡಲ್ ಪೆಟ್ಟಿಗೆ ಕಾಣ್ಲಿಲ್ಲ ಯಜಮಾನ್ರೇ," ಮೇಸ್ತ್ರಿ ಕೈ ನಿಲ್ಲಿಸದೆ ಹೇಳಿದ. "ಪಕ್ಕದ ಬೀದೀಲಿ ಹ್ಯಾಂಡಲ್ ಮಾಡೋರಿಗೆ ಫೋನ್ ಹಾಕಿದ್ವಿ. ನಾಳೆ ಕೊಡೋದನ್ನ ಇವತ್ತೇ ತಂದ್ಕೊಟ್ರು."

"ನನ್ನನ್ನ ಒಂದು ಮಾತು ಕೇಳ್ಬಾರದಿತ್ತಾ?"

"ಇಷ್ಟಕ್ಕೆಲ್ಲ ನಿಮಗ್ಯಾಕೆ ತೊಂದ್ರೆ ಅಂತ..."

ಮೇಸ್ತ್ರಿಯ ಮಾತಿನಲ್ಲಿ ಗೌರವವೇ ಇತ್ತು. ಯಜಮಾನರಿಗೆ ಅದೇ ಹೆಚ್ಚು ಉರಿಯಿತು.

ಸೊಸೆ ಕರಿಹಲಗೆಯ ಪಕ್ಕ ನಿಂತಿದ್ದಳು. ಕೆಲಸ ನಿಂತಾಗಲೆಲ್ಲ ಐದು ಸಲ 'ಏಕೆ' ಎಂದು ಕೇಳಿಕೊಂಡು ಬೇರಿನ ತನಕ ಹೋಗಬೇಕು, ಯಾರನ್ನೂ ಬೈಯಬಾರದು, ಕಾರಣ ಮಾತ್ರ ಬರೆಯಬೇಕು ಎಂಬುದು ಅವಳು ತಂದ ಕ್ರಮ. ಇವತ್ತಿನದನ್ನು ಮೇಸ್ತ್ರಿ ದಪ್ಪ ಅಕ್ಷರಗಳಲ್ಲಿ ಬರೆದಿದ್ದ.

ಕೆಲಸ ನಿಂತದ್ದು ಏಕೆ? ಹ್ಯಾಂಡಲ್ ಇರಲಿಲ್ಲ.
ಹ್ಯಾಂಡಲ್ ಇರಲಿಲ್ಲ ಏಕೆ? ಪೆಟ್ಟಿಗೆ ಜಾಗದಲ್ಲಿರಲಿಲ್ಲ.
ಜಾಗದಲ್ಲಿರಲಿಲ್ಲ ಏಕೆ? ಯಜಮಾನರು ಮೇಲಕ್ಕೆ ಒಯ್ದರು.
ಒಯ್ದದ್ದು ಏಕೆ? ನಾವು ಕೇಳಿಕೊಂಡು ಬರಲಿ ಎಂದು.
ನಾವು ಬರಬೇಕು ಏಕೆ?

ಅದರ ಮುಂದೆ ಖಾಲಿ.

"ಬಣ್ಣ ಹೊಡೆಯೋರು ಇವತ್ತು ಬೇಗ ಬಂದಿದ್ರು ಮಾವ, ನೋಡಿದ್ರಂತೆ," ಎಂದಳು ಸೊಸೆ ಮೆಲ್ಲಗೆ.

ಯಜಮಾನರ ಕಿವಿ ಬಿಸಿಯಾದವು. ಗದರಿಸಿಬಿಡಬಹುದಿತ್ತು. ಹಲಗೆಯೂ ಅವರದೇ, ಗೋಡೆಯೂ ಅವರದೇ. ಆದರೆ ಯಾರೂ ನಗುತ್ತಿರಲಿಲ್ಲ, ಯಾರೂ ಹೆದರಿಯೂ ಇರಲಿಲ್ಲ. ಎಲ್ಲರೂ ಉತ್ತರಕ್ಕೆ ಕಾಯುತ್ತಿದ್ದರು. ಮೇಸ್ತ್ರಿ ಕೈ ಒರೆಸಿಕೊಂಡು ಸೀಮೆಸುಣ್ಣ ಮುಂದೆ ಹಿಡಿದ.

"ನಾಲ್ಕರ ತನಕ ನಮಗೇ ಹೊಳೀತು ಯಜಮಾನ್ರೇ. ಐದನೇದು ಮಾತ್ರ ಎಷ್ಟು ತಲೆ ಕೆರ್ಕೊಂಡ್ರೂ ಆಗ್ಲಿಲ್ಲ. ನೀವೇ ಹೇಳ್ಬೇಕು."

ಯಜಮಾನರು ಸೀಮೆಸುಣ್ಣ ತೆಗೆದುಕೊಂಡರು. ಮೂವತ್ತು ವರ್ಷ ಎಲ್ಲರಿಗೂ ಉತ್ತರ ಹೇಳಿದ್ದವರು ಖಾಲಿ ಜಾಗದಲ್ಲಿ ಒಂದೊಂದೇ ಅಕ್ಷರ ಒತ್ತಿ ಬರೆದರು:

'ಯಾರೂ ಬರದಿದ್ದರೆ, ನಾನಿರುವುದು ಏಕೆ?'