ಮೂರನೆಯ ಇಂಜಿನ್

"ಗೋಡೆ ಕಡೆ ತಿರುಗಿ ನಿಲ್ಲು. ಸದ್ದು ಕೇಳಿ ಯಾವ ಗಾಡಿ ಅಂತ ಹೇಳ್ಬೇಕು. ಮೂರೂ ಸರಿಯಾದ್ರೆ ಕೆಲಸ ನಿಂದು!" ಗ್ಯಾರೇಜಿನ ಯಜಮಾನ ಪಕ್ಕದ ಬೀದಿಗೂ ಕೇಳುವಂತೆ ಕೂಗಿದ.

ಹೊಲಿಗೆ ಯಂತ್ರ ರಿಪೇರಿಯವನು ತಿರುಗಿ ನಿಂತ. ಹೊಲಿಗೆ ಯಂತ್ರಗಳನ್ನು ಈಗ ಯಾರೂ ರಿಪೇರಿಗೆ ತರುತ್ತಿರಲಿಲ್ಲ. ಆರು ತಿಂಗಳು ಸಂಜೆ ತರಗತಿಯಲ್ಲಿ ಇಂಜಿನ್ ಕಲಿತು, ನಾಲ್ಕು ಗ್ಯಾರೇಜುಗಳಲ್ಲಿ ಬೇಡವೆನಿಸಿಕೊಂಡು, ಐದನೆಯದಕ್ಕೆ ಬಂದಿದ್ದ. "ಮಾತು ಮಾತಿಗೂ 'ಅನ್ಸುತ್ತೆ' ಅನ್ನಬೇಡಿ. ಹಾಗಂದ್ರೆ ಯಾರು ಕೆಲಸ ಕೊಡ್ತಾರೆ?" ಎಂದು ಹೊರಡುವಾಗ ಹೆಂಡತಿ ಗದರಿದ್ದಳು.

ಮೊದಲ ಗಾಡಿ ಟರ್ರೆಂದು ಕಿರುಚಿತು. ಸುಟ್ಟ ಎಣ್ಣೆಯ ಹೊಗೆ ಮೂಗಿಗೆ ಬಡಿಯಿತು.

"ಟೂ ಸ್ಟ್ರೋಕ್ ಸ್ಕೂಟರು... ಅನ್ಸುತ್ತೆ."

"ಜೋರಾಗಿ ಹೇಳಯ್ಯಾ! ಗೋಡೆ ಹತ್ರ ಗುಟ್ಟು ಹೇಳ್ತಿದ್ದೀಯಾ?"

ಎರಡನೆಯದು ಎಣಿಸಿ ಎಣಿಸಿ ಗುದ್ದು ಕೊಡುವಂತೆ ಡುಗ್ ಡುಗ್ ಎಂದಿತು. "ಫೋರ್ ಸ್ಟ್ರೋಕ್ ಬೈಕು! ಒಂದೇ ಸಿಲಿಂಡರ್!" ಎಂದು ಕೂಗಿ, ಬಾಯಿಗೆ ಬಂದ 'ಅನ್ಸುತ್ತೆ'ಯನ್ನು ನುಂಗಿಕೊಂಡ.

ಮೂರನೆಯದಕ್ಕೆ ಕಿಕ್ ಹೊಡೆದ ಸದ್ದಾಯಿತು. ಆಮೇಲೆ ಏನೂ ಇಲ್ಲ. ಗಾಳಿ ತುಂಬುವ ಕಂಪ್ರೆಸರ್ ಮಾತ್ರ ದಡದಡ ಎನ್ನುತ್ತಿತ್ತು. ತನ್ನ ಕಿವಿಯೇ ಕೈಕೊಟ್ಟಿತೇ ಎಂದು ಅವನು ಕಿವಿ ಉಜ್ಜಿಕೊಂಡ.

"ಹೇಳು ಹೇಳು! ಎಷ್ಟು ನುಣ್ಣಗೆ ಓಡ್ತಿದೆ!"

ತಡೆಯಲಾರದೆ ಓರೆಗಣ್ಣಿನಲ್ಲಿ ನೋಡಿದ. ಗೇರ್‌ಲೆಸ್ ಸ್ಕೂಟರೊಂದು ಕಂಪ್ರೆಸರ್‌ಗೆ ತಾಗಿಕೊಂಡು ನಿಂತಿತ್ತು. ನಡುಗುತ್ತಿದ್ದ ಅದರ ಸೀಟಿನ ಮೇಲೆ ಅಂಗೈ ಊರಿ, ಕಣ್ಣು ಅರೆಮುಚ್ಚಿ, ಯಜಮಾನ ಸಂಗೀತ ಕೇಳುವವನ ಹಾಗೆ ತಲೆದೂಗುತ್ತಿದ್ದ. 'ಗೇರ್‌ಲೆಸ್, ಫೋರ್ ಸ್ಟ್ರೋಕ್' ಎಂದುಬಿಟ್ಟರೆ ಕೆಲಸ ಕೈಯಲ್ಲಿ. ಆದರೆ ಅವನು ಗೋಡೆ ಬಿಟ್ಟು ಪೂರ್ತಿ ತಿರುಗಿದ.

"ಯಜಮಾನ್ರೇ, ಅದು ಸ್ಟಾರ್ಟೇ ಆಗಿಲ್ಲ!"

"ಏನಂದೆ? ನನ್ನ ಕೈ ಕೆಳಗೇ ನಡುಗ್ತಿದೆ! ಮೂವತ್ತು ವರ್ಷ ಇಂಜಿನ್ ಸದ್ದಲ್ಲೇ ಬಾಳಿದವನು ನಾನು. ನಂಗೆ ಪಾಠ ಹೇಳ್ತೀಯಾ?"

ಕೆಲಸ ಹೋಯಿತು ಎಂದುಕೊಂಡು ಅವನು ಚೀಲ ಎತ್ತಿಕೊಂಡ. ಅಷ್ಟರಲ್ಲಿ ಯಜಮಾನನ ಹೆಂಡತಿ ಗ್ರೀಸ್ ಮೆತ್ತಿದ ಕೈಯಲ್ಲೇ ಒಳಗಿನಿಂದ ಬಂದು ಕಂಪ್ರೆಸರ್ ಆರಿಸಿದಳು.

ಸೀಟು ತೆಪ್ಪಗಾಯಿತು. ಯಜಮಾನ ತನ್ನ ಅಂಗೈಯನ್ನೇ ನೋಡಿದ, ಸ್ಕೂಟರನ್ನು ನೋಡಿದ.

"ಅಲ್ವೇ, ಬೆಳಗ್ಗೆ ಕೆಲಸ ಕೇಳ್ಕೊಂಡು ಬಂದ ಮೂವರೂ ಇದನ್ನ ಫೋರ್ ಸ್ಟ್ರೋಕು ಅಂದ್ರಲ್ಲೇ!"

"ಅಂದ್ರು. ಒಬ್ಬನಂತೂ ಸೌಂಡು ಕೇಳಿದ್ರೇ ಮೈಲೇಜು ಗೊತ್ತಾಗುತ್ತೆ ಅಂದ," ಎಂದು ಅವಳು ಗಂಡನ ಕಿವಿಯ ಹತ್ತಿರ ಬಾಗಿ ಕೂಗಿ, ಡಬ್ಬಿಯೊಂದನ್ನು ಅವನ ಮುಂದೆ ಹಿಡಿದಳು. "ತೊಳೆಯೋಕೆ ಅಂತ ಇದರ ಕಾರ್ಬ್ಯುರೇಟರನ್ನ ನಾನು ಬಿಚ್ಚಿಟ್ಟು ನಾಲ್ಕು ದಿನ ಆಯ್ತು. ಇಂಜಿನ್ನಿಗೆ ಪೆಟ್ರೋಲೇ ಹೋಗದೆ ಅದು ಹೇಗೆ ಓಡುತ್ತೆ?"

ಯಜಮಾನ ಡಬ್ಬಿಯೊಳಗೆ ಇಣುಕಿದ. ಆಮೇಲೆ ಹೊಲಿಗೆ ಯಂತ್ರದವನ ಚೀಲವನ್ನು ಕಿತ್ತು ಮೊಳೆಗೆ ನೇತುಹಾಕಿದ.

"ಕೈಗೆ ನಾನಿದ್ದೀನಿ. ಕಿವಿಗೆ ನೀನಿರು."