ಹಳದಿ ಚುಕ್ಕೆಯ ರಾಣಿ

ಮಧ್ಯಾಹ್ನ ಹನ್ನೆರಡಕ್ಕೆ ಅಮಾದೋರ್ ಹೆಂಡತಿಗೆ ಸುಳ್ಳು ಹೇಳಿದ. ಟ್ರಕ್ಕಿನ ಟೈರು ಸವೆದಿದೆ, ವಿಲ್‌ಕಾಕ್ಸ್ ಪೇಟೆಗೆ ಹೋಗಿ ಬರುತ್ತೇನೆ ಅಂದ. ಅವನ ಜೇಬಿನಲ್ಲಿ ಆರು ಗಾಜಿನ ಕೊಳವೆಗಳಿದ್ದವು. ಕೈಯಲ್ಲಿದ್ದ ಫೋನಿನ ಹವಾಮಾನ ನಕ್ಷೆಯಲ್ಲಿ ಮಳೆಯ ಹಸಿರು ಕಲೆಯೊಂದು ಮೆಲ್ಲಗೆ ಸರಿಯುತ್ತಿತ್ತು.

ಅಂಗಳದಲ್ಲಿ ಬಟ್ಟೆ ತೆಗೆಯುತ್ತಿದ್ದ ಒಫೀಲಿಯಾ ತಲೆ ಎತ್ತಲಿಲ್ಲ.

"ಮಳೆ ವಿಲ್‌ಕಾಕ್ಸ್‌ ಕಡೆ ಬರಲ್ಲ ಮುದುಕಾ. ಡ್ರಗೂನ್ ಗುಡ್ಡಕ್ಕೆ ಹೋಗುತ್ತೆ."

"ನಾನು ಹೋಗ್ತಿರೋದು ಟೈರಿಗೆ ಕಣೆ, ಮಳೆಗಲ್ಲ."

"ಆಯ್ತು ಮಾರಾಯಾ. ಟೋಪಿ ಹಾಕ್ಕೋ. ಕೊಯ್ದು ಹೊಲಿದ ಎದೆ ಅದು, ಬಿಸಿಲಲ್ಲಿ ಅಲೀಬೇಡ."

ಆಪರೇಷನ್ ಆಗಿ ಆರು ವರ್ಷ ಕಳೆದರೂ ಅವಳು ಈ ಮಾತು ಬಿಟ್ಟಿಲ್ಲ. ಮೋಡದ ದಾರಿ ಇವಳಿಗೆ ಹೇಗೆ ಗೊತ್ತು ಎಂದು ಅವನು ಯೋಚಿಸಲೂ ಇಲ್ಲ. ಬಟ್ಟೆ ಒಣಹಾಕುವವರಿಗೆ ಗೊತ್ತಿಲ್ಲದ ಮೋಡವುಂಟೇ?

ಮಾರಿಸೋಲ್ ಅವರ ಒಬ್ಬಳೇ ಮಗಳು. ಹನ್ನೆರಡು ವರ್ಷದ ಹಿಂದೆ, ಅವಳಿಗೆ ಒಂಬತ್ತಾಗಿದ್ದಾಗ, ಮೊದಲ ಮಳೆ ನಿಂತ ಮೇಲೆ ಅಪ್ಪನ ಜೊತೆ ಗುಡ್ಡಕ್ಕೆ ಹೋಗಿ ಕೆಂಪು ರಾಣಿ ಇರುವೆಯೊಂದನ್ನು ಹಿಡಿದು ತಂದಿದ್ದಳು. ತನ್ನ ಉಗುರುಬಣ್ಣದಿಂದಲೇ ಅದರ ಬೆನ್ನಿಗೊಂದು ಹಳದಿ ಚುಕ್ಕೆ ಇಟ್ಟಳು. "ಇದು ಹದಿನೈದು ವರ್ಷ ಬದುಕುತ್ತೆ ಅಪ್ಪಾ. ನನ್ನ ಮದುವೆಗೂ ಇರುತ್ತೆ" ಅಂದಿದ್ದಳು. ರಾಣಿ ಉಳಿಯಿತು. ಮಾರಿಸೋಲ್ ಹತ್ತು ತುಂಬುವ ಮೊದಲೇ ರಕ್ತದ ಕ್ಯಾನ್ಸರಿಗೆ ಹೋದಳು.

ಅಂದಿನಿಂದ ಒಫೀಲಿಯಾ ದಿನಾ ಬೆಳಿಗ್ಗೆ ಆ ರಾಣಿಯ ಗೂಡಿರುವ ಗಾಜಿನ ಪೆಟ್ಟಿಗೆಗೆ ಕಾಳು ಹಾಕಿ ಕೂಗುತ್ತಾಳೆ: "ಅಮಾದೋರ್, ಬಾ, ನೋಡ್ಕೋ. ನಮ್ಮ ಹುಡುಗಿ ಚೆನ್ನಾಗಿದ್ದಾಳೆ." ಅವಳ ಸಮಾಧಾನಕ್ಕೆಂದು ಅವನು ಬಂದು ನೋಡುತ್ತಾನೆ. ಅವನು ಎದೆ ಕೊಯ್ಸಿಕೊಂಡು ಮಲಗಿದ್ದ ವರ್ಷ ಮಾತ್ರ ಅವಳು ಕರೆದಿರಲಿಲ್ಲ. ಇರುವೆಗಳಿಗೆ ಬೆಳಕು ಆಗಿಬರುತ್ತಿಲ್ಲ ಎಂದು ಪೆಟ್ಟಿಗೆಗೆ ಬಟ್ಟೆ ಮುಚ್ಚಿ, ವರ್ಷವಿಡೀ ಹೊಲಿಗೆ ಕೋಣೆಯಲ್ಲಿಟ್ಟು ಬಾಗಿಲು ಹಾಕಿಕೊಂಡಿದ್ದಳು. ಪಾಪ, ಅಳುವುದಕ್ಕೊಂದು ಮರೆ ಬೇಕಿರಬಹುದು ಎಂದು ಅವನು ಸುಮ್ಮನಿದ್ದ.

ಕಳೆದ ತಿಂಗಳು, ತಾನೂ ಇರುವೆ ಸಾಕುವ ಗೆಳೆಯ ಥರ್ಮನ್ ಮನೆಗೆ ಬಂದವನು ಪೆಟ್ಟಿಗೆಗೆ ಕಣ್ಣಿಟ್ಟು ಬೆರಗಾದ.

"ಹನ್ನೆರಡು ವರ್ಷದ ಮುದುಕಿ ಈ ಪಾಟಿ ಮೊಟ್ಟೆ ಇಡೋದು ನಾನಂತೂ ಕಂಡಿಲ್ಲಪ್ಪಾ!"

ಅಮಾದೋರ್ ಬೇರೆಯೇ ಲೆಕ್ಕ ಹಾಕಿದ. ಆರುವ ದೀಪ ಜೋರಾಗಿ ಉರಿಯುತ್ತದೆ. ರಾಣಿಗೆ ಕಾಲ ಬಂದಿದೆ. ಒಂದು ಬೆಳಿಗ್ಗೆ ಒಫೀಲಿಯಾ ಕಾಳು ಹಾಕಲು ಹೋದಾಗ ಅದು ಕಾಲು ಮಡಚಿ ಬಿದ್ದಿರುತ್ತದೆ. ಹೆತ್ತ ಮಗುವನ್ನು ಎರಡನೇ ಸಲ ಮಣ್ಣು ಮಾಡುವ ಶಕ್ತಿ ಅವಳಿಗಿಲ್ಲ. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಅವಳಿಗೆ ತಿಳಿಯದಂತೆ ಇನ್ನೊಂದು ರಾಣಿ ತಂದಿಡಬೇಕು. ಆದರೆ ಹೊರಗಿನ ರಾಣಿಯನ್ನು ಹಳೆಯ ಗೂಡಿಗೆ ಬಿಡುವಂತಿಲ್ಲ, ಆಳು ಇರುವೆಗಳು ಹರಿದು ಹಾಕುತ್ತವೆ. ಹೊಸ ರಾಣಿಯನ್ನು ಹಿಡಿದು, ಗುಟ್ಟಾಗಿ ಶೆಡ್ಡಿನಲ್ಲಿ ಸಾಕಿ, ವರ್ಷ ಕಳೆದು ಸಂಸಾರ ಬೆಳೆದ ಮೇಲೆ ಗೂಡಿಗೆ ಗೂಡನ್ನೇ ಬದಲಾಯಿಸಬೇಕು. ಆ ರಾಣಿಗಳು ಹಾರುವುದು ವರ್ಷದ ಮೊದಲ ಮಳೆಗಳ ಬೆನ್ನಿಗೆ, ಒಂದೆರಡು ಮಧ್ಯಾಹ್ನ ಮಾತ್ರ. ತಪ್ಪಿದರೆ ಮುಂದಿನ ಜುಲೈ. ಅಷ್ಟು ದಿನ ಮುದುಕಿ ರಾಣಿ ಕಾಯುತ್ತದೆಯೇ?

ಮಳೆ ಡ್ರಗೂನ್ ಗುಡ್ಡಕ್ಕೇ ಬಿತ್ತು. ಎರಡಕ್ಕೆ ನಿಂತಿತು. ನೆನೆದ ಮರುಭೂಮಿಯ ಕ್ರಿಯೋಸೋಟ್ ಪೊದೆಗಳ ವಾಸನೆ ಮೂಗಿಗೆ ಅಡರಿತು. ಒಣಹಳ್ಳ ದಾಟಿ, ಏದುಸಿರು ಬಿಡುತ್ತಾ ಅವನು ಮಗಳೊಂದಿಗೆ ನಿಂತಿದ್ದ ಅದೇ ನೆತ್ತಿಗೆ ಹತ್ತಿದ. ನಾಲ್ಕರ ಹೊತ್ತಿಗೆ ಗಾಳಿಯ ತುಂಬ ರೆಕ್ಕೆ. ಗಂಡುಗಳು ಕೂಡಿ ಕೂಡಿ ಉದುರಿ ಬೀಳುತ್ತಿದ್ದವು. ಒಂದು ಹೆಣ್ಣು ಅವನ ಬೂಟಿನ ಪಕ್ಕಕ್ಕಿಳಿದು, ಕಾಲಿನಿಂದ ತನ್ನ ರೆಕ್ಕೆಗಳನ್ನು ತಾನೇ ಮುರಿದುಕೊಂಡು, ಒದ್ದೆ ಮಣ್ಣು ಕೆದಕತೊಡಗಿತು. ಕೊಳವೆ ಅಡ್ಡ ಹಿಡಿದ. ಅದು ತಾನಾಗಿ ಒಳಗೆ ನಡೆಯಿತು.

"ಸಿಕ್ಕಿತು ಮಗಳೇ" ಅಂದ. ಆಮೇಲೆ ಅಲ್ಲೇ ಕಲ್ಲಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತ.

ಮನೆಗೆ ಬಂದಾಗ ಒಫೀಲಿಯಾ ಚರ್ಚಿಗೆ ಹೋಗಿದ್ದಳು. ಒಲೆಯ ಪಕ್ಕದಲ್ಲಿ ಬೀನ್ಸ್ ಸುತ್ತಿದ ಟೋರ್ಟಿಯಾ ರೊಟ್ಟಿ ಮುಚ್ಚಿಟ್ಟಿದ್ದಳು. ಹಳದಿ ಚುಕ್ಕೆಯನ್ನು ಈಗಲೇ ಇಡಬೇಕು. ಮಕ್ಕಳು ಮರಿ ಸುತ್ತುಗಟ್ಟಿದ ಮೇಲೆ ರಾಣಿಯನ್ನು ಮುಟ್ಟುವುದು ಕಷ್ಟ. ಮಾರಿಸೋಲ್‌ಳ ಸಾಮಾನೆಲ್ಲ ಇರುವುದು ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿ. ಹನ್ನೆರಡು ವರ್ಷದಲ್ಲಿ ಅವನು ಅದನ್ನು ಎಳೆದವನಲ್ಲ. ಇವತ್ತು ಎಳೆದ.

ಕೂದಲಿನ ಕ್ಲಿಪ್ಪುಗಳು. ಒಂದು ಹಲ್ಲು. ಹಳದಿ ಉಗುರುಬಣ್ಣದ ಸೀಸೆ. ಇಷ್ಟು ವರ್ಷಕ್ಕೆ ಕಲ್ಲಾಗಿರುತ್ತದೆ ಅಂದುಕೊಂಡೇ ಮುಚ್ಚಳ ತಿರುವಿದ. ಸಲೀಸಾಗಿ ಬಿಚ್ಚಿಕೊಂಡಿತು. ಬಣ್ಣ ಹಸಿಯಾಗಿತ್ತು. ಸೀಸೆಯ ತಳದಲ್ಲಿ ಅಂಗಡಿಯ ಚೀಟಿ ಇನ್ನೂ ಮಾಸಿರಲಿಲ್ಲ.

ಅದರ ಹಿಂದೆ ಅವನ ಜೇಬಿನಲ್ಲಿದ್ದಂಥವೇ ನಾಲ್ಕು ಗಾಜಿನ ಕೊಳವೆಗಳು. ಅವುಗಳ ಹಿಂದೆ ಪೆಪ್ಪರ್‌ಮಿಂಟಿನ ಪುಟ್ಟ ತಗಡಿನ ಡಬ್ಬಿ. ಅದರೊಳಗೆ, ಹತ್ತಿಯ ಮೇಲೆ, ಕಾಲು ಮಡಚಿ ಒಣಗಿದ ಒಂದು ರಾಣಿ. ಬೆನ್ನ ಮೇಲೆ ಅಂಚು ಕಿತ್ತುಹೋದ ಹಳದಿ ಚುಕ್ಕೆ.

ಮುಚ್ಚಳದ ಒಳಗೆ ಒಫೀಲಿಯಾಳ ಅಕ್ಷರದ ಚೀಟಿಯಿತ್ತು, ಅವನು ಎದೆ ಹೊಲಿಸಿಕೊಂಡು ಮಲಗಿದ್ದ ಬೇಸಿಗೆಯ ತಾರೀಖಿನದು: "ಮಗಳೇ, ನಿನ್ನ ರಾಣಿ ಹೋದಳು. ಅದೇ ಗುಡ್ಡದಿಂದ ಇನ್ನೊಂದನ್ನು ತಂದಿದ್ದೇನೆ. ಅಪ್ಪನಿಗೆ ಹೇಳಬೇಡ."