ಅಂಚಿನ ತುಂಬ ಪೆನ್ಸಿಲು

ಕಡಲತೀರದ ಆ ಊರಿನ ಗ್ರಂಥಾಲಯದಲ್ಲಿ ದೀಪಸ್ತಂಭದ ಕಾದಂಬರಿ ಅಂತ ಇದ್ದದ್ದು ಒಂದೇ, ಅದೂ ಒಂದೇ ಪ್ರತಿ. ಗ್ರಂಥಪಾಲಕಿ ಜಲಜಾಕ್ಷಿಗೆ ಅದೆಂದರೆ ಪ್ರಾಣ. ನಡುಗಡ್ಡೆಯ ಆ ಒಂಟಿ ಕಾವಲುಗಾರನಿಗಾಗಿ ಅವಳು ಮೂರು ಸಲ ಅತ್ತಿದ್ದಳು. ಈಗ ನೋಡಿದರೆ ಪುಟಪುಟದ ಅಂಚಿನಲ್ಲೂ ಪೆನ್ಸಿಲಿನ ಗೀಚು: ‘ಸುಳ್ಳು’, ‘ಶುದ್ಧ ಸುಳ್ಳು’.

ಗೀಚಿದವರು ಗುರುಸಿದ್ದಪ್ಪನವರು. ಗದಗದ ಕಡೆಯಿಂದ ಬಂದು, ದ್ವೀಪದ ದೀಪಸ್ತಂಭದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಸದಸ್ಯತ್ವ ರದ್ದು ಮಾಡುವ ಕಾಗದ ಹಿಡಿದೇ ಅವಳು ಅವರ ಎದುರು ಕೂತಳು.

“ಏನ್ ಸಾರ್ ಇದು? ಪುಸ್ತಕ ನಿಮ್ಮ ಸ್ವಂತದ್ದಾ?”

“ಮತ್ತೇನ್ ಮಾಡ್ಲಿ ತಂಗಿ? ಕಾವಲುಗಾರ ಹುಣ್ಣಿಮಿ ಚಂದ್ರನ್ನ ನೋಡಕೋತ ಅಳ್ತಾನಂತ! ದೀಪದ ಗಾಜು ಒರಸೂದ್ರಾಗನ ಹೊತ್ತು ಹೋಗ್ತದ, ಅಳಾಕ ಪುರಸೊತ್ತೆಲ್ಲಿ? ಮಳಿಯಾಗ ಕೊಡಿ ಹಿಡಕೊಂಡು ಮ್ಯಾಲ ನಿಂತಾನಂತ. ಆ ಗಾಳಿಗೆ ಕೊಡಿ ಅಷ್ಟ ಅಲ್ಲ, ಅಂವನೂ ಹಾರಿ ಹೋಗ್ತಾನ!”

ಜಲಜಾಕ್ಷಿಗೆ ನಗು ಬಂತು. ನಗು ಬಂದದ್ದಕ್ಕೇ ಇನ್ನಷ್ಟು ಸಿಟ್ಟೂ ಬಂತು.

“ತಪ್ಪಿದ್ದರೆ ಇರಲಿ ಸಾರ್. ನನಗೆ ಓದುವ ಹುಚ್ಚು ಹಿಡಿಸಿದ್ದೇ ಈ ಪುಸ್ತಕ. ‘ಕಡಲಮಿತ್ರ’ ಅಂತ ಹೆಸರಿಟ್ಟುಕೊಂಡು ಬರೆದ ಆ ಪುಣ್ಯಾತ್ಮ ಯಾರೋ ಏನೋ, ಎದುರು ಸಿಕ್ಕರೆ ಈಗಲೇ ಕಾಲಿಗೆ ಬೀಳ್ತೇನೆ.”

ಗುರುಸಿದ್ದಪ್ಪನವರು ಸರಕ್ಕನೆ ಎರಡೂ ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡರು.

“ಬ್ಯಾಡ ತಂಗಿ,” ಅಂದರು. “ಅದನ್ನ ಬರದಾಗ ನಾ ಇನ್ನೂ ಸಮುದ್ರಾನ ನೋಡಿರಲಿಲ್ಲ.”